ಗಣಕಭಾಷೆಗಳಲ್ಲಿ ಸ್ವರೂಪಪರಾಮರ್ಶೆ

ಒಂದು ಭಾಷೆಯ ಲಕ್ಷಣವನ್ನು ನಿರೂಪಿಸಲು ಶಾಸ್ತ್ರಕಾರರು ಎರಡು ಮಾರ್ಗಗಳನ್ನು ಅನುಸರಿಸಿರುವುದು ಕನ್ನಡ ವಿದ್ವಾಂಸರಿಗೆ ವಿದಿತವೇ ಆಗಿದೆ. ಭಟ್ಟಾಕಳಂಕದೇವನು 1604ರಲ್ಲಿ ಕನ್ನಡಕ್ಕೆ ಶಬ್ದಾನುಶಾಸನವನ್ನು ರಚಿಸಿದಾಗ ಸೂತ್ರಗಳನ್ನು ಸಂಸ್ಕೃತದಲ್ಲಿ ಬರೆದನು. ಅಲ್ಲಿ ಲಕ್ಷ್ಯವಾದ ಭಾಷೆ ಒಂದು, ಲಕ್ಷಣವನ್ನು ಹೇಳುವ ಭಾಷೆ ಮತ್ತೊಂದು. ಕೇಶಿರಾಜನಾದರೋ 13ನೆಯ ಶತಮಾನದಲ್ಲಿಯೇ ಕನ್ನಡದ ಲಕ್ಷಣವನ್ನು ಕನ್ನಡದಲ್ಲಿಯೇ ಹೇಳಿದ್ದನು. ಈ ಎರಡನೆಯ ಮಾರ್ಗವು ಗಣಕಯಂತ್ರಗಳ ಕೃತಕಭಾಷೆಗಳಲ್ಲಿ ಹೇಗೆ ಹುಟ್ಟಿತು, ಯಾವ ಆಕ್ಷೇಪಗಳನ್ನು ಎದುರಿಸಿತು, ಎಲ್ಲಿಗೆ ಬಂದು ನಿಂತಿತು ಎಂಬುದನ್ನು ಇಲ್ಲಿ ವಿಚಾರಮಾಡಲು ಉದ್ದೇಶಿಸಿದೆ. ಇದೆಲ್ಲವೂ ಪಾಣಿನಿಯಲ್ಲಿ ಮೊದಲೇ ಇದೆಯೆಂದು ಸಭೆಗಳಲ್ಲಿ ಕೇಳಿಬರುವ ಮಾತು ಎಷ್ಟರಮಟ್ಟಿಗೆ ಗ್ರಾಹ್ಯವೆಂಬುದನ್ನೂ ಕೊನೆಯಲ್ಲಿ ಪರಿಶೀಲಿಸಲಾಗುವುದು.

1

ಪಾಶ್ಚಾತ್ಯರು ಈ ಶಕ್ತಿಯನ್ನು ರಿಫ್ಲೆಕ್ಷನ್ ಎನ್ನುತ್ತಾರೆ. ಸ್ವರೂಪಪರಾಮರ್ಶೆಯೆಂದು ನಾವು ಕರೆಯಬಹುದು. ಇದಕ್ಕೆ ಎರಡು ಅಂಗಗಳುಂಟು. ಕ್ರಮವಿಧಿಯು, ಎಂದರೆ ಗಣಕಕ್ಕೆ ವಿಧಿಸಿದ ಆದೇಶಗಳ ಸಮುದಾಯವು, ನಡೆಯುತ್ತಿರುವಾಗಲೇ ತನ್ನ ರಚನೆಯನ್ನು ತಾನೇ ಕಾಣುವುದು ಮೊದಲನೆಯದು. ಕಂಡುದನ್ನು ಮಾರ್ಪಡಿಸಿ ತನ್ನ ಮುಂದಿನ ನಡೆಯನ್ನು ಬದಲಿಸಿಕೊಳ್ಳುವುದು ಎರಡನೆಯದು. ಒಳಗಿರುವ ಚಿತ್ರಕ್ಕೂ ಹೊರಗಣ ನಡೆಗೂ ಕಾರ್ಯಕಾರಣಸಂಬಂಧವಿರಬೇಕು: ಚಿತ್ರವನ್ನು ತಿದ್ದಿದರೆ ನಡೆ ಬದಲಾಗಬೇಕು, ನಡೆ ಬದಲಾದರೆ ಚಿತ್ರವೂ ಬದಲಾಗಬೇಕು. ಈ ಸಂಬಂಧವಿಲ್ಲದಿದ್ದರೆ ಅದು ವರ್ಣನೆಯೇ ಹೊರತು ಪರಾಮರ್ಶೆಯಲ್ಲ.

2

ಈ ವಿಚಾರದ ಮೂಲವು ಲಿಸ್ಪ್ ಎಂಬ ಭಾಷೆಯಲ್ಲಿದೆ. ಜಾನ್ ಮ್ಯಾಕಾರ್ಥಿಯವರು 1960ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಲಿಸ್ಪ್ ವಾಕ್ಯಗಳಿಗೆ ಅರ್ಥವನ್ನು ನಿರ್ಣಯಿಸುವ 'ಇವ್ಯಾಲ್' ಎಂಬ ವಿಧಿಯನ್ನು ಅದೇ ಭಾಷೆಯ ಪರಿಭಾಷೆಯಲ್ಲಿ ಬರೆದು ತೋರಿಸಿದರು. ಅವರ ಉದ್ದೇಶವು ಸಿದ್ಧಾಂತನಿರೂಪಣೆ ಮಾತ್ರವಾಗಿತ್ತು. ಅವರ ಸಹಚರರಾದ ಸ್ಟೀವ್ ರಸೆಲ್ ಅವರು ಆ ವಿಧಿಯನ್ನೇ ಐ.ಬಿ.ಎಂ. 704 ಯಂತ್ರದ ಆದೇಶಗಳಾಗಿ ಕೈಯಿಂದ ಪರಿವರ್ತಿಸಿ ನಡೆಸಿಬಿಟ್ಟರು. ಓದುವುದಕ್ಕೆಂದು ಬರೆದ ಲಕ್ಷಣವು ಹೀಗೆ ಕಾರ್ಯಕಾರಿಯಾಯಿತು. ಲಿಸ್ಪಿನಲ್ಲಿ ಕ್ರಮವಿಧಿಯೂ ಅದು ಬಳಸುವ ಸಾಮಗ್ರಿಯೂ ಒಂದೇ ಬಗೆಯ ಪಟ್ಟಿಗಳಾದ್ದರಿಂದ ವಿಧಿಯು ವಿಧಿಯನ್ನೇ ವಿಷಯವಾಗಿ ಮಾಡಿಕೊಳ್ಳಲು ಅಡ್ಡಿಯಿರಲಿಲ್ಲ.

ಇಲ್ಲಿ ತಾರ್ಕಿಕನು ಆಕ್ಷೇಪಿಸಬಹುದು: ವಿಧಿಗೆ ಅರ್ಥವನ್ನು ಹೇಳಲು ಮತ್ತೊಂದು ವಿಧಿ ಬೇಕಾದರೆ, ಆ ಮತ್ತೊಂದಕ್ಕೆ ಅರ್ಥವನ್ನು ಹೇಳುವವರು ಯಾರು? ಇದು ಅನವಸ್ಥಾದೋಷವಲ್ಲವೆ? ಈ ಆಕ್ಷೇಪವನ್ನು ಪರಿಹರಿಸದೆ ಪೂರ್ಣವಾಗಿ ಅಂಗೀಕರಿಸಿದವರು ಬ್ರಯನ್ ಕ್ಯಾಂಟ್‌ವೆಲ್ ಸ್ಮಿತ್ ಅವರು. ಎಂ.ಐ.ಟಿ. ವಿದ್ಯಾಸಂಸ್ಥೆಗೆ 1982ರಲ್ಲಿ ಸಲ್ಲಿಸಿದ ಮಹಾಪ್ರಬಂಧದಲ್ಲಿ ಅವರು 3-ಲಿಸ್ಪ್ ಎಂಬ ಭಾಷೆಯನ್ನು ನಿರೂಪಿಸಿ, ವ್ಯಾಖ್ಯಾನದ ಮೇಲೆ ವ್ಯಾಖ್ಯಾನವಾಗಿ ಕೊನೆಯಿಲ್ಲದೆ ಏರುವ ಅಂತಸ್ತುಗಳ ಗೋಪುರವನ್ನೇ ಕಲ್ಪಿಸಿದರು. ಅಂತ್ಯವಿಲ್ಲದ ಗೋಪುರವನ್ನು ಅಂತ್ಯವುಳ್ಳ ಯಂತ್ರದಲ್ಲಿ ಕಟ್ಟುವುದು ಹೇಗೆ? ಅವರೂ ಜಿಮ್ ಡೆ ರಿವಿಯೇರ್ ಅವರೂ 1984ರಲ್ಲಿ ಸಮಾಧಾನವನ್ನು ತೋರಿಸಿದರು: ಯಾವ ಕ್ರಮವಿಧಿಯಾದರೂ ಒಂದು ಗಳಿಗೆಯಲ್ಲಿ ಪರಿಮಿತವಾದ ಅಂತಸ್ತುಗಳನ್ನೇ ಮುಟ್ಟುತ್ತದೆ, ಅದರ ಮೇಲಿನ ಅಂತಸ್ತುಗಳೆಲ್ಲ ಒಂದೇ ರೀತಿಯಾಗಿ ನಡೆಯುವುದರಿಂದ ಅವನ್ನು ಬೇಕಾದಾಗ ಮಾತ್ರ ನಿರ್ಮಿಸಿದರೆ ಸಾಕು.

3

ವಸ್ತುಪ್ರಧಾನವಾದ ಭಾಷೆಗಳಲ್ಲಿ ಇದೇ ಪ್ರಶ್ನೆ ಬೇರೆ ವೇಷದಿಂದ ಬಂದಿತು. ಕ್ಯಾಲಿಫೋರ್ನಿಯದ ಜೆರಾಕ್ಸ್ ಸಂಶೋಧನಾಲಯದಲ್ಲಿ ಅಲನ್ ಕೇ, ಡ್ಯಾನ್ ಇಂಗಲ್ಸ್, ಅಡೆಲ್ ಗೋಲ್ಡ್‌ಬರ್ಗ್ ಮೊದಲಾದವರು ಬೆಳೆಸಿದ ಸ್ಮಾಲ್‌ಟಾಕ್ ಭಾಷೆಯಲ್ಲಿ ಸಕಲವೂ ವಸ್ತು. ಪ್ರತಿಯೊಂದು ವಸ್ತುವೂ ಒಂದು ವರ್ಗಕ್ಕೆ ಸೇರಿದ್ದು. ಹಾಗಾದರೆ ವರ್ಗವೂ ವಸ್ತುವೇ. ಅದರ ವರ್ಗ ಯಾವುದು? ಸ್ಮಾಲ್‌ಟಾಕ್-76ರಲ್ಲಿ ಎಲ್ಲ ವರ್ಗಗಳಿಗೂ ಒಂದೇ ವರ್ಗವಿದ್ದಿತು. ಆದ್ದರಿಂದ ಪ್ರತಿಯೊಂದು ವರ್ಗಕ್ಕೂ ತನ್ನದೇ ಆದ ನಡವಳಿಕೆಯನ್ನು ಕೊಡಲು ಆಗುತ್ತಿರಲಿಲ್ಲ. ಸ್ಮಾಲ್‌ಟಾಕ್-80ರಲ್ಲಿ ವರ್ಗಕ್ಕೊಂದು ಮೆಟಾಕ್ಲಾಸನ್ನು, ಎಂದರೆ ವರ್ಗದ ವರ್ಗವನ್ನು, ವಿಧಿಸಿದರು. ಈ ವರ್ಗವರ್ಗಗಳೆಲ್ಲವೂ 'ಮೆಟಾಕ್ಲಾಸ್' ಎಂಬ ಒಂದೇ ವರ್ಗಕ್ಕೆ ಸೇರಿದವು. ಆ ಮೆಟಾಕ್ಲಾಸಿಗೂ ಒಂದು ವರ್ಗವರ್ಗವುಂಟು, ಅದು ಮರಳಿ ಮೆಟಾಕ್ಲಾಸಿಗೇ ಸೇರಿತು. ಗೋಪುರವು ಇಲ್ಲಿ ಚಕ್ರವಾಗಿ ಬಾಗಿತು. 1987ರಲ್ಲಿ ಫ್ರಾನ್ಸಿನ ಪಿಯೇರ್ ಕ್ವಾಂಟ್ ಅವರು ಆಬ್ಜ್‌ವಿಲಿಸ್ಪ್‌ನಲ್ಲಿ ಇದನ್ನು ಇನ್ನೂ ಸರಳಗೊಳಿಸಿ, ಮೂಲವರ್ಗವು ತನಗೆ ತಾನೇ ವರ್ಗವೆಂದು ಸಾಧಿಸಿದರು. ಅದೇ ವರ್ಷ ಪ್ಯಾಟಿ ಮಾಸ್ ಅವರು ವಸ್ತುಪ್ರಧಾನಭಾಷೆಗಳಲ್ಲಿ ಪರಾಮರ್ಶೆಯ ಲಕ್ಷಣವನ್ನು ಕ್ರಮವಾಗಿ ನಿರೂಪಿಸಿದರು.

4

ಇದುವರೆಗಿನದು ಸಿದ್ಧಾಂತ. ಅದನ್ನು ಪ್ರಯೋಜನಕ್ಕೆ ತಂದುದು ಗ್ರೆಗರ್ ಕಿಕ್ಸಾಲೆಸ್, ಡೆ ರಿವಿಯೇರ್, ಡೇನಿಯಲ್ ಬೊಬ್ರೋ ಎಂಬ ಮೂವರು 1991ರಲ್ಲಿ ಪ್ರಕಟಿಸಿದ ಮೆಟಾಆಬ್ಜೆಕ್ಟ್ ಪ್ರೋಟೋಕಾಲನ್ನು ಕುರಿತ ಗ್ರಂಥ. ಕಾಮನ್ ಲಿಸ್ಪಿನ ವಸ್ತುವ್ಯವಸ್ಥೆಯೇ ಅದರ ಆಧಾರ. ಒಂದು ದೃಷ್ಟಾಂತದಿಂದ ಇದನ್ನು ತಿಳಿಯಬಹುದು. ಭೂಪಟದ ಒಂದು ಬಿಂದುವಿಗೆ ಎರಡೇ ಗುಣಗಳು, ಆದರೆ ಬಿಂದುಗಳು ಲಕ್ಷಾಂತರ. ಶಾಸನಸೂಚಿಯ ಒಂದು ನಮೂದಿಗಾದರೋ ನೂರಾರು ಗುಣಗಳು ಸಂಭವನೀಯ, ಆದರೆ ಒಂದೊಂದು ಶಾಸನದಲ್ಲಿ ತುಂಬುವುವು ಕೆಲವೇ. ಎರಡಕ್ಕೂ ಒಂದೇ ಬಗೆಯ ಶೇಖರಣೆಯನ್ನು ಭಾಷೆಯು ನಿಯಮಿಸಿದರೆ ಒಂದಕ್ಕೆ ಲಾಭ, ಇನ್ನೊಂದಕ್ಕೆ ನಷ್ಟ. ಗುಣವನ್ನು ಇಡುವ, ತೆಗೆಯುವ ವಿಧಿಗಳನ್ನು ಭಾಷೆಯ ಗರ್ಭದಲ್ಲಿ ಮುಚ್ಚಿಡದೆ, ಪ್ರಯೋಗಿಸುವವನು ಮಾರ್ಪಡಿಸಬಹುದಾದ ವಸ್ತುಗಳಾಗಿ ಹೊರಗಿಡಬೇಕೆಂಬುದು ಇವರ ಮತ. ಸಾಮಾನ್ಯವರ್ಗದ ವಿಧಿ ಉತ್ಸರ್ಗ. ಅದರ ಕೆಳಗೆ ವಿಶೇಷವರ್ಗವನ್ನು ಹೇಳಿ ಅದಕ್ಕೆ ಬೇರೆ ವಿಧಿಯನ್ನು ಕೊಟ್ಟರೆ ಅದು ಅಪವಾದ. ಅಪವಾದವು ತನ್ನ ವಿಷಯದಲ್ಲಿ ಮಾತ್ರ ಪ್ರವರ್ತಿಸುವುದರಿಂದ ಉಳಿದ ವರ್ಗಗಳಿಗೆ ಬಾಧೆಯಿಲ್ಲ. ಆದರೂ 1994ರ ಅಮೆರಿಕದ ಪ್ರಮಾಣಗ್ರಂಥವು ವಸ್ತುವ್ಯವಸ್ಥೆಯನ್ನು ಸ್ವೀಕರಿಸಿ ಈ ಪ್ರೋಟೋಕಾಲನ್ನು ಹೊರಗೆ ಬಿಟ್ಟಿತು.

ಪರಾಮರ್ಶೆಗೆ ಅಂಕುಶವೆಷ್ಟಿರಬೇಕೆಂಬುದು ಮುಂದಿನ ವಾದ. 1997ರಲ್ಲಿ ಜಾವಾ ಭಾಷೆಯು ವರ್ಗಗಳನ್ನು ನಡೆಯುತ್ತಿರುವಾಗಲೇ ಪರೀಕ್ಷಿಸುವ ಸಾಧನಗಳನ್ನು ಪಡೆಯಿತು. ಕಾಲಕ್ರಮದಲ್ಲಿ ಗೂಢವಾಗಿಟ್ಟ ಅಂಗಗಳನ್ನೂ ಇವುಗಳಿಂದ ಮುಟ್ಟುವ ರೂಢಿ ಹಬ್ಬಿತು. 2004ರಲ್ಲಿ ಗಿಲಾಡ್ ಬ್ರಾಖಾ, ಡೇವಿಡ್ ಉಂಗರ್ ಇಬ್ಬರೂ, ವಸ್ತುವಿನ ಕೈಯಲ್ಲಿಯೇ ಈ ಶಕ್ತಿಯನ್ನು ಇಡದೆ 'ದರ್ಪಣ'ವೆಂಬ ಬೇರೆ ವಸ್ತುವಿನಲ್ಲಿ ಇರಿಸಬೇಕೆಂದು ವಾದಿಸಿದರು. ದರ್ಪಣವು ದೊರೆತವನಿಗೆ ಮಾತ್ರ ಬಿಂಬವು ಕಾಣುವುದು. ಜಾವಾ ಸಹ 2017ರಿಂದ ತನ್ನ ಅಂತರಂಗವನ್ನು ಹಂತಹಂತವಾಗಿ ಮುಚ್ಚುತ್ತ ಬಂದಿತು.

5

ಈಗ ಪಾಣಿನಿಯ ಮಾತು. ಶಬ್ದವು ತನ್ನ ರೂಪವನ್ನೇ ಬೋಧಿಸುತ್ತದೆಂಬ ಸೂತ್ರವೂ, ವಿಪ್ರತಿಷೇಧದಲ್ಲಿ ಪರವೇ ಬಲಿಷ್ಠವೆಂಬ ಸೂತ್ರವೂ, ಕೊನೆಯ ಮೂರು ಪಾದಗಳ ಕಾರ್ಯವು ಹಿಂದಿನವುಗಳ ದೃಷ್ಟಿಯಲ್ಲಿ ಅಸಿದ್ಧವೆಂಬ ಸೂತ್ರವೂ ನಿಸ್ಸಂದೇಹವಾಗಿ ಸೂತ್ರಗಳನ್ನು ಕುರಿತ ಸೂತ್ರಗಳು. ವಿಧಿಯನ್ನೇ ವಿಧಿಗೆ ವಿಷಯವಾಗಿ ಮಾಡುವ ಕೌಶಲವು ಅಷ್ಟಾಧ್ಯಾಯಿಯಲ್ಲಿ ಪರಿಪೂರ್ಣವಾಗಿದೆ. ಆದರೆ ಯಾವ ಪ್ರಕ್ರಿಯೆಯೂ ನಡುವೆ ನಿಂತು ಸೂತ್ರಪಾಠವನ್ನು ತಿದ್ದುವುದಿಲ್ಲ. ಪರಿಭಾಷೆಗಳು ಆದಿಯಿಂದಲೇ ಸ್ಥಿರ. ಆದ್ದರಿಂದ ನಾವು ಹೇಳಿದ ಎರಡನೆಯ ಅಂಗ ಅಲ್ಲಿಲ್ಲ. ಲಿಸ್ಪಿನ ವಂಶವೂ ಬೇರೆ. ಅದು ಚರ್ಚ್ ಅವರ ಲ್ಯಾಮ್ಡಾ ಸಂಕೇತದಿಂದಲೂ ಗಣಿತತರ್ಕದಿಂದಲೂ ಬಂದುದು. ಸಂಸ್ಕೃತವೇ ಗಣಕಕ್ಕೆ ಉಚಿತವಾದ ಭಾಷೆಯೆನ್ನುವವರು ಆಧಾರವಾಗಿ ಹಿಡಿಯುವ ರಿಕ್ ಬ್ರಿಗ್ಸ್ ಅವರ 1985ರ ಲೇಖನವು ವಿಚಾರಿಸಿದ್ದು ಶಾಬ್ದಬೋಧದ ವಾಕ್ಯಾರ್ಥನಿರೂಪಣೆಯನ್ನು, ಕ್ರಮವಿಧಿಗಳ ಪರಾಮರ್ಶೆಯನ್ನಲ್ಲ.

ಸಾದೃಶ್ಯವನ್ನು ಸಾದೃಶ್ಯವೆಂದೇ ಹೇಳುವುದು ಪಾಣಿನಿಗೆ ಮಾಡುವ ನಿಜವಾದ ಗೌರವ. ಅಲ್ಲದ್ದನ್ನು ಆರೋಪಿಸಿದರೆ, ಪರೀಕ್ಷಿಸುವವನಿಗೆ ಇರುವುದರಲ್ಲಿಯೂ ಶ್ರದ್ಧೆ ತಪ್ಪೀತು. ನಿಯಮವು ತನ್ನನ್ನು ಕುರಿತು ಮಾತನಾಡಬಲ್ಲುದೆಂದು ಅಷ್ಟಾಧ್ಯಾಯಿ ತೋರಿಸಿತು. ಮಾತನಾಡುತ್ತ ತನ್ನನ್ನು ಮಾರ್ಪಡಿಸಿಕೊಳ್ಳಬಲ್ಲುದೆಂದು ಕಳೆದ ಶತಮಾನದ ಗಣಕಪಂಡಿತರು ತೋರಿಸಿದರು. ಎರಡನ್ನೂ ಬೇರ್ಪಡಿಸಿ ಓದಿದಾಗಲೇ ಎರಡರ ಮಹತ್ತ್ವವೂ ಸ್ಫುಟವಾಗುತ್ತದೆ.