ಔಷಧ ಕೊಡುವ ಕೊನೆಯ ಕೈ

ಆಸ್ಪತ್ರೆಗಳ ಇತಿಹಾಸ ಬರೆಯುವಾಗ ವೈದ್ಯರ ಹೆಸರುಗಳೇ ಮುಂದೆ ಬರುತ್ತವೆ. ಔಷಧಕ್ಕೆ ಬಾರ್‌ಕೋಡ್ ಬಂದ ಕಥೆ ಓದಿದಾಗ ನನಗೆ ಮೊದಲು ಸಿಕ್ಕಿದ್ದು ಒಬ್ಬ ನರ್ಸ್ ಹೆಸರು: ಸ್ಯೂ ಕಿನ್ನಿಕ್.

ಅಮೆರಿಕದ ಕಾನ್ಸಾಸ್ ರಾಜ್ಯದ ಟೊಪೀಕಾದಲ್ಲಿರುವ ಮಾಜಿ ಸೈನಿಕರ ಸರ್ಕಾರಿ ಆಸ್ಪತ್ರೆಯಲ್ಲಿ ಅವರಿಗೆ ಕೆಲಸವಿತ್ತು. 1992ರಲ್ಲಿ ಬಾಡಿಗೆ ಕಾರು ಹಿಂದಿರುಗಿಸುವಾಗ, ಅಲ್ಲಿನ ನೌಕರ ಕೈಸ್ಕ್ಯಾನರ್‌ನಿಂದ ಕಾರಿನ ಬಾರ್‌ಕೋಡ್ ಓದಿದ್ದನ್ನು ಕಂಡರು. ಕಾರಿಗೆ ಆಗುವುದು ಮಾತ್ರೆಗೆ ಏಕಾಗಬಾರದು? ಆ ಪ್ರಶ್ನೆಯಿಂದ ಹುಟ್ಟಿದ ವ್ಯವಸ್ಥೆಯಲ್ಲಿ ನರ್ಸ್ ರೋಗಿಯ ಕೈಪಟ್ಟಿಯನ್ನೂ ಔಷಧದ ಪೊಟ್ಟಣವನ್ನೂ ಸ್ಕ್ಯಾನ್ ಮಾಡುತ್ತಾರೆ. ರೋಗಿ, ಔಷಧ, ಪ್ರಮಾಣ, ವೇಳೆ ವೈದ್ಯರ ಆದೇಶಕ್ಕೆ ಹೊಂದದಿದ್ದರೆ ಕಂಪ್ಯೂಟರ್ ಎಚ್ಚರಿಸುತ್ತದೆ. 2000ನೇ ಇಸವಿಯ ಹೊತ್ತಿಗೆ ಅದು ದೇಶದುದ್ದಕ್ಕೂ ಮಾಜಿ ಸೈನಿಕರ ಆಸ್ಪತ್ರೆಗಳಿಗೆ ಹಬ್ಬಿತು.

ಈ ಯೋಚನೆ ನರ್ಸ್‌ಗೇ ಹೊಳೆದದ್ದಕ್ಕೆ ಕಾರಣವಿದೆ. ವೈದ್ಯರ ತಪ್ಪನ್ನು ಫಾರ್ಮಸಿಸ್ಟ್ ಹಿಡಿಯಬಹುದು, ಫಾರ್ಮಸಿಸ್ಟ್ ತಪ್ಪನ್ನು ನರ್ಸ್ ಹಿಡಿಯಬಹುದು. ನರ್ಸ್ ಕೈ ತಪ್ಪಿದರೆ ಅದರಾಚೆಗೆ ಇರುವುದು ರೋಗಿಯ ಮೈ.

ಬಾಸ್ಟನ್ನಿನ ಬ್ರಿಗಮ್ ಆ್ಯಂಡ್ ವಿಮೆನ್ಸ್ ಆಸ್ಪತ್ರೆಯ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ವೇಳೆಯ ತಪ್ಪುಗಳನ್ನು ಬಿಟ್ಟರೆ, ಔಷಧ ಕೊಡುವಾಗಿನ ತಪ್ಪುಗಳು ಶೇ. 11.5ರಿಂದ ಶೇ. 6.8ಕ್ಕೆ ಇಳಿದಿದ್ದವು. ಇಳಿದವು, ಅಳಿಯಲಿಲ್ಲ. ಕೈಪಟ್ಟಿ ಒದ್ದೆಯಾದರೆ, ಬಾರ್‌ಕೋಡ್ ಹರಿದರೆ, ಸ್ಕ್ಯಾನರಿನ ಬ್ಯಾಟರಿ ಮುಗಿದರೆ ನರ್ಸ್‌ಗಳು ಅಡ್ಡದಾರಿ ಹಿಡಿಯುತ್ತಾರೆ. ಅದನ್ನು ಅಶಿಸ್ತು ಎಂದುಬಿಡುವುದು ಸುಲಭ. ಆ ದಾರಿ ಏಕೆ ಬೇಕಾಯಿತೆಂದು ವಿಚಾರಿಸಿ ಸರಿಪಡಿಸುವ ಹಿರಿಯ ನರ್ಸ್ ಇಲ್ಲದ ವಾರ್ಡಿನಲ್ಲಿ ಸ್ಕ್ಯಾನರ್ ಇನ್ನೊಂದು ಹೊರೆಯಷ್ಟೇ.