ಲೆವೊಡೋಪಾ: ಚರಿತ್ರೆ

ಪಾರ್ಕಿನ್ಸನ್ ಕಾಯಿಲೆಯಲ್ಲಿ ಮಿದುಳಿನ ಡೋಪಮಿನ್ ಕುಗ್ಗುತ್ತದೆ. ಡೋಪಮಿನ್ ಅನ್ನೇ ಔಷಧವಾಗಿ ಕೊಟ್ಟರೆ ಅದು ರಕ್ತದಿಂದ ಮಿದುಳಿಗೆ ದಾಟದು. ಲೆವೊಡೋಪಾ ದಾಟುತ್ತದೆ, ಒಳಗೆ ಹೋದ ಮೇಲೆ ಡೋಪಮಿನ್ ಆಗಿ ಬದಲಾಗುತ್ತದೆ. ಇಂಥ ಔಷಧಗಳನ್ನು ಪ್ರೋಡ್ರಗ್ ಎನ್ನುತ್ತಾರೆ.

ಬಾಸೆಲ್‌ನ ಮಾರ್ಕಸ್ ಗುಗೆನ್‌ಹೈಮ್ 1913ರಲ್ಲಿ ಲೆವೊಡೋಪಾವನ್ನು ಫಾವಾ ಬೀನ್ಸ್‌ನಿಂದ ಬೇರ್ಪಡಿಸಿದರು. 1937ರಲ್ಲಿ ಮದರಾಸಿನ ಎಂ. ದಾಮೋದರನ್ ಮತ್ತು ಆರ್. ರಾಮಸ್ವಾಮಿ ನಸುಗುನ್ನಿ ಬೀಜದಿಂದ ತೆಗೆದರು. ಇದನ್ನು ಆಧರಿಸಿ, ಆಯುರ್ವೇದ ಸಾವಿರಾರು ವರ್ಷಗಳ ಹಿಂದೆಯೇ ಪಾರ್ಕಿನ್ಸನ್‌ಗೆ ನಸುಗುನ್ನಿ ಕೊಡುತ್ತಿತ್ತು ಎಂದು ಹಲವು ಬರಹಗಳು ಹೇಳುತ್ತವೆ. ಇಲ್ಲಿ ಎಚ್ಚರ ಬೇಕು. ಪ್ರಾಚೀನ ಸಂಹಿತೆಗಳು ಆತ್ಮಗುಪ್ತಾ ಎಂಬ ಹೆಸರಿನಲ್ಲಿ ಈ ಬೀಜವನ್ನು ಹೊಗಳುವುದು ಮುಖ್ಯವಾಗಿ ಬಲಕ್ಕೆ, ವಾಜೀಕರಣಕ್ಕೆ (ಕಾಮೋತ್ತೇಜನಕ್ಕೆ). ಆಯುರ್ವೇದ ಹೇಳುವ ನಡುಕದ ರೋಗ ಕಂಪವಾತವೇ ಪಾರ್ಕಿನ್ಸನ್ ಎಂಬ ಸಮೀಕರಣ ಆಧುನಿಕರದು.

1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್, ರೆಸರ್ಪಿನ್ ಎಂಬ ಔಷಧದಿಂದ ನಿಶ್ಚಲವಾದ ಮೊಲಗಳು ಡೋಪಾ ಚುಚ್ಚಿದೊಡನೆ ಚೇತರಿಸುವುದನ್ನು ತೋರಿಸಿದರು. ರೋಗಿಗಳ ಮಿದುಳಿನಲ್ಲಿ ಡೋಪಮಿನ್ ಕೊರತೆಯಿದೆಯೆಂದು ಮೊದಲು ಕಂಡವರು ಯಾರು ಎಂಬಲ್ಲಿ ಮಾತ್ರ ದಾಖಲೆ ಜಟಿಲ. ಆ ಶ್ರೇಯ ಸಾಮಾನ್ಯವಾಗಿ ವಿಯೆನ್ನಾದ ಏರಿಂಗರ್ ಮತ್ತು ಹೊರ್ನಿಕಿಯೆವಿಚ್ ಅವರದು: 1960ರ ಕೊನೆಗೆ ಆರು ರೋಗಿಗಳ ಮಿದುಳುಗಳ ಮಾಪನ ಪ್ರಕಟಿಸಿದರು. ಆದರೆ ಅದೇ ವರ್ಷ ಒಸಾಕಾದ ಇಸಾಮು ಸಾನೊ ಒಬ್ಬ ರೋಗಿಯ ಮಿದುಳಿನಲ್ಲಿ ಈ ಕೊರತೆಯನ್ನು ಗುರುತಿಸಿ, ಡೋಪಾ ಚುಚ್ಚಿಯೂ ನೋಡಿ, ಚಿಕಿತ್ಸೆಗೆ ಒದಗದೆಂದು ಬರೆದಿದ್ದರು. ಬರಹ ಜಪಾನೀ ಭಾಷೆಯಲ್ಲಿತ್ತು, ಇಂಗ್ಲಿಷ್ ಅನುವಾದ ಬಂದದ್ದು 2000ದಲ್ಲಿ. ಅದೇ ವರ್ಷ ಕಾರ್ಲ್‌ಸನ್‌ಗೆ ನೊಬೆಲ್ ಬಂತು; ಹೊರ್ನಿಕಿಯೆವಿಚ್ ಹೊರಗುಳಿದುದಕ್ಕೆ ಇನ್ನೂರಕ್ಕೂ ಹೆಚ್ಚು ವಿಜ್ಞಾನಿಗಳು ಬಹಿರಂಗ ಪತ್ರ ಬರೆದರು. ಸಾನೊ ಹೆಸರು ಇಂದಿಗೂ ವಿರಳ. ಅದು ಶ್ರೇಯ ಸಲ್ಲಬೇಕಾದ ಹೆಸರು.

1961ರಲ್ಲಿ ಬಿರ್ಕ್‌ಮೈಯರ್ ಮತ್ತು ಹೊರ್ನಿಕಿಯೆವಿಚ್ ವಿಯೆನ್ನಾದಲ್ಲಿ ಲೆವೊಡೋಪಾ ಚುಚ್ಚಿದಾಗ ಹಾಸಿಗೆ ಹಿಡಿದವರು ಎದ್ದು ನಡೆದರು. ಪರಿಣಾಮ ಕೆಲವೇ ಗಂಟೆಗಳದು. ಉಳಿದೆಡೆ ಇದೇ ಯತ್ನ ಒಮ್ಮೆ ಫಲಿಸಿತು, ಒಮ್ಮೆ ಇಲ್ಲ. ದಾರಿ ತೆರೆದದ್ದು 1967ರಲ್ಲಿ. ಅಮೆರಿಕದ ಬ್ರೂಕ್‌ಹೇವನ್‌ನಲ್ಲಿ ಜಾರ್ಜ್ ಕಾಟ್ಸಿಯಾಸ್ ಬಾಯಿಯ ಮೂಲಕ ಕೊಡುತ್ತ, ಪ್ರಮಾಣವನ್ನು ವಾರಗಟ್ಟಲೆ ನಿಧಾನವಾಗಿ ದಿನಕ್ಕೆ 16 ಗ್ರಾಂವರೆಗೆ ಏರಿಸಿದರು. ಹದಿನಾರು ರೋಗಿಗಳಲ್ಲಿ ಎಂಟು ಮಂದಿ ಗಮನಾರ್ಹವಾಗಿ ಸುಧಾರಿಸಿದರು. ಔಷಧ ಹೆಚ್ಚುಕಡಿಮೆ ಅದೇ, ಮುಖ್ಯವಾಗಿ ಬದಲಾದದ್ದು ಪ್ರಮಾಣ ಮತ್ತು ತಾಳ್ಮೆ. ಆಗ ಬಳಸಿದ್ದು ಡೋಪಾದ ಡಿ ಮತ್ತು ಎಲ್ ರೂಪಗಳ ಮಿಶ್ರಣ. 1969ರ ಹೊತ್ತಿಗೆ ಶುದ್ಧ ಎಲ್ ರೂಪಕ್ಕೆ, ಅಂದರೆ ಲೆವೊಡೋಪಾಗೆ, ಬಂದರು.

ಅಮೆರಿಕ 1970ರಲ್ಲಿ ಲೆವೊಡೋಪಾವನ್ನು ಅನುಮತಿಸಿತು. ಮಿದುಳಿನ ಹೊರಗೇ ಡೋಪಮಿನ್ ಆಗುವುದನ್ನು ತಡೆಯುವ ಕಾರ್ಬಿಡೋಪಾ 1975ರಲ್ಲಿ ಜೊತೆಗೂಡಿತು. ವಾಂತಿ ತಗ್ಗಿತು, ಬೇಕಾದ ಲೆವೊಡೋಪಾ ಸುಮಾರು ಮುಕ್ಕಾಲು ಪಾಲು ಇಳಿಯಿತು. ವರ್ಷಗಳ ಬಳಕೆಯ ನಂತರ ಬರುವ ಏರಿಳಿತ, ಅನೈಚ್ಛಿಕ ಚಲನೆಗಳು ಉಳಿದೇ ಇವೆ. ಅವನ್ನು ತಗ್ಗಿಸಲು ಪ್ರೋಡ್ರಗ್‌ಗೂ ಒಂದು ಪ್ರೋಡ್ರಗ್ ಬಂದಿದೆ: ನೀರಿನಲ್ಲಿ ಚೆನ್ನಾಗಿ ಕರಗುವ ಫೋಸ್‌ಲೆವೊಡೋಪಾ. ಇದನ್ನು ಫೋಸ್‌ಕಾರ್ಬಿಡೋಪಾ ಜೊತೆ ಪಂಪಿನಿಂದ ಚರ್ಮದಡಿ 24 ಗಂಟೆಯೂ ಹರಿಸುತ್ತಾರೆ. ಜಪಾನ್ 2022ರಲ್ಲಿ, ಅಮೆರಿಕ 2024ರ ಅಕ್ಟೋಬರಿನಲ್ಲಿ ಒಪ್ಪಿದವು. ಸೂಜಿ ಚುಚ್ಚಿದ ಜಾಗದ ಉರಿಯೂತ, ಸೋಂಕು ಇದರ ಸಾಮಾನ್ಯ ತೊಂದರೆ.