ಹಿಂದ ಕಟ್ಟೂ ಗಾಡಿ ಎಂಥಾದಿರಬೇಕು?



ಹ್ವಾದ ವಾರ ಅಮೆರಿಕಾದಾಗಿರೋ ನನ್ನ ತಂಗಿ ಮಗಳು ಫೋನ್ ಮಾಡಿದ್ಳು. ಗಂಡ-ಹೆಂಡ್ತಿ ಸೇರಿ ಒಂದು ಮೋಟರ್‌ಹೋಂ ತಗೊಂಡಾರಂತ. ಅಂದ್ರ ಬಸ್ಸಿನಷ್ಟು ದೊಡ್ಡ ಗಾಡಿ. ಒಳಗ ಒಲಿ, ಹಾಸಿಗಿ, ಬಚ್ಚಲ ಎಲ್ಲಾ ಇರತೈತಿ. "ದೊಡ್ಡವ್ವ, ಎಲ್ಲೆರ ಇಳಕೊಂಡ ಮ್ಯಾಲ ಹಾಲು ತರಾಕ ಇದನ್ನ ತಗೊಂಡು ಹೋಗಾಕ ಆಗಂಗಿಲ್ಲ. ಅದಕ್ಕ ಇಲ್ಲಿ ಮಂದಿ ಹಿಂದ ಒಂದು ಸಣ್ಣ ಕಾರು ಕಟ್ಕೊಂಡು ಹೋಗ್ತಾರ. ಯಾವ ಕಾರು ತಗೊಳ್ಳೂದಂತ ದಿನಾ ನಮ್ಮಿಬ್ಬರಿಗೂ ಜಗಳ" ಅಂದ್ಳು.

ನಾ ನಕ್ಕೆ. ಹಿಂದ ಯಾವ ಗಾಡಿ ಕಟ್ಟಬೇಕು, ಹೆಂಗ ಕಟ್ಟಬೇಕು ಅನ್ನೋ ಜಗಳ ನಮ್ಮ ಮನಿಯಾಗ 1987ರಾಗ ಆಗಿ ಹೋಗೈತಿ. ಅದರ ಗುರುತು ಇನ್ನೂ ನಮ್ಮವ್ವನ ಬಲಗೈ ಮ್ಯಾಲ ಐತಿ.

ನಮ್ಮ ಗಂಗಾವತಿ ಕಡೆ ಮನಿ ಕಟ್ಕೊಂಡು ತಿರುಗೂದು ಹೊಸಾದಲ್ಲ. ನಮ್ಮ ಅಮ್ಮನ ಕಾಲಕ್ಕ, ಅಂದ್ರ ನಮ್ಮಪ್ಪನ ತಾಯಿ ಕಾಲಕ್ಕ, ಈ ಊರು ನಿಜಾಮನ ರಾಯಚೂರು ಜಿಲ್ಲೆದಾಗಿತ್ತು. ಭಾರತ ಹುಣ್ಣಿವಿಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕ ಹೋಗಬೇಕಂದ್ರ ಕಮಾನು ಕಟ್ಟಿದ ಸವಾರಿ ಬಂಡಿನ ಗತಿ. ರೊಟ್ಟಿ ಬುಟ್ಟಿ, ಶೇಂಗಾ ಚಟ್ನಿ, ಎತ್ತಿಗೆ ಹೊಟ್ಟು, ಮಕ್ಕಳು, ಎಲ್ಲಾ ಅದರಾಗ. ರಾತ್ರಿ ಬಂಡಿ ಬಿಟ್ಟಲ್ಲೇ ಮೂರು ಕಲ್ಲು ಇಟ್ಟು ಒಲಿ ಹಚ್ಚೂದು, ಬಂಡಿ ಕೆಳಗ ಮಲಗೂದು. ಬಂಡಿ ಹೇರೂದು ಮಾತ್ರ ಅಮ್ಮನ ಕೆಲಸ. ಹಿಂಭಾರ ಆದ್ರ ಮೂಕಿ ಎದ್ದು ಎತ್ತಿನ ಕುತ್ತಿಗಿ ಹಿಡೀತೈತಿ, ಮುಂಭಾರ ಹೆಚ್ಚಾದ್ರ ಎತ್ತಿನ ಹೆಗಲು ಕೆತ್ತತೈತಿ. "ತೂಕ ಒಂಚೂರು ಮುಂದ ಇರಬೇಕು, ಒಂಚೂರ ಮಾತ್ರ" ಅಂತಿದ್ಳು. ಇವತ್ತಿಗೂ ಟ್ರಾಲಿ ಹೇರೂ ಲೆಕ್ಕ ಇದ. ತೂಕ ಹಿಂದಾದ್ರ ಟ್ರಾಲಿ ಬಾಲ ಆಡಸ್ತೈತಿ.

ಆಮ್ಯಾಲ ತುಂಗಭದ್ರಾ ಆಣೆಕಟ್ಟು ಬಂತು. 1945ರಾಗ ಕೆಲಸ ಸುರುವಾಗಿ 1953ರಾಗ ನೀರು ನಿಂತಿತು. ಎಡದಂಡೆ ಕಾಲುವಿ ನೀರು ನಮ್ಮ ಎರಿ ಹೊಲಕ್ಕ ಹರಿದ ಮ್ಯಾಲ ಜ್ವಾಳದ ಸೀಮಿ ಭತ್ತದ ಸೀಮಿ ಆತು. ಆಂಧ್ರದಿಂದ ರೈತರು ಬಂದು ಕ್ಯಾಂಪು ಹಾಕಿದ್ರು. ಕೆಸರಗದ್ದಿಗೆ ಎತ್ತು ಸಾಲದಂಗಾಗಿ ಟ್ರ್ಯಾಕ್ಟರ್ ಬಂದ್ವು. ಟ್ರ್ಯಾಕ್ಟರ್ ಹಿಂದ ಟ್ರಾಲಿ ಬಂತು. ಟ್ರಾಲಿ ಬಂದಿದ್ದು ಭತ್ತದ ಚೀಲಕ್ಕ, ಆದ್ರ ನಾವು ಅದರಾಗ ಹುಲ್ಲು ಹಾಕಿ, ಜಮಖಾನಿ ಹಾಸಿ, ಮ್ಯಾಲ ತಾಡಪತ್ರಿ ಕಟ್ಟಿ ಮನಿನ ಮಾಡ್ಕೊಂಡಿವಿ. ಅತ್ತಾಗ ಅಮೆರಿಕಾದಾಗ ವಿನ್ನೆಬಾಗೊ ಅನ್ನೋ ಕಂಪನಿ 1966ರಾಗ ಮೋಟರ್‌ಹೋಂ ಮಾಡಾಕ ಸುರು ಮಾಡಿತ್ತಂತ. ನಮ್ಮದು ತಾಡಪತ್ರಿ ಮನಿ, ಅವರದು ತಗಡಿನ ಮನಿ, ಇಷ್ಟ ಫರಕ.

1987ರ ಭಾರತ ಹುಣ್ಣಿವಿಗೆ ಅಮ್ಮ ಹಟ ಹಿಡದ್ಳು. ಗುಡ್ಡಕ್ಕ ಬಂಡಿಯಾಗ ಬರ್ತೀನಂತ ಬೇಡ್ಕೊಂಡಿದ್ಳು. ಅಷ್ಟು ದೂರ ಎತ್ತು ಹೊಡಿಯೋರು ಯಾರು? ಅಪ್ಪ ಉಪಾಯ ಮಾಡಿದ. ಖಾಲಿ ಬಂಡಿನ ಟ್ರಾಲಿ ಹಿಂದ ಕಟ್ಟೂದು, ಅಲ್ಲಿ ಬೀಗರ ಎತ್ತು ತಗೊಂಡು ಕಡೀ ಹರದಾರಿ ಅಮ್ಮನ್ನ ಬಂಡಿಯಾಗ ಕರಕೊಂಡು ಹೋಗೂದು. ಕಟ್ಟಿದ್ದು ಭಾವಿ ಹಗ್ಗದ್ಲೆ. ಅವ್ವ ಅಂಗಳದಾಗ ನಿಂತು ನೋಡಿ ಒಂದ ಮಾತು ಅಂದ್ಳು: "ಹಗ್ಗ ಎಳೀತೈತಿ ಖರೆ, ತಡೀತೈತೇನು?" ಯಾರೂ ಕಿವಿಗೆ ಹಾಕ್ಕೊಳ್ಳಿಲ್ಲ. ಹೆಣ್ಮಕ್ಕಳಿಗೆ ಗಾಡಿ ಏನು ತಿಳೀತೈತಿ ಅಂತ ಕಾಕಾ ನಕ್ಕ.

ಹೋಗೂಮುಂದ ಏನೂ ಆಗಲಿಲ್ಲ. ಅಮ್ಮನ ಹರಕಿ ತೀರಿತು. ಹೊಳ್ಳಿ ಬರೂಮುಂದ ಗುಡ್ಡದ ಇಳಕಲದಾಗ ಎದುರಿಗೆ ದನ ಬಂದ್ವು, ಕಾಕಾ ಬ್ರೇಕ್ ಒತ್ತಿದ. ಟ್ರ್ಯಾಕ್ಟರ್ ನಿಂತ್ತು, ಟ್ರಾಲಿ ನಿಂತ್ತು, ಬಂಡಿ ನಿಲ್ಲಲಿಲ್ಲ. ಹಗ್ಗ ಸಡ್ಲಾಗಿ ನೆಲಕ್ಕ ಬಿತ್ತು. ಮೂಕಿ ಬಂದು ಟ್ರಾಲಿ ಹಿಂದಿನ ಹಲಗಿಗೆ ಬಡೀತು. ಹಿಂದ ಕುಂತಿದ್ದು ನಾವು, ಹೆಣ್ಮಕ್ಕಳು ಮತ್ತ ಹುಡುಗ್ರು. ಅವ್ವ ನನ್ನನ್ನ ಒಳಗ ನೂಕಿದ್ಳು. ಆಕಿ ಕೈ ಹಲಗಿ ಮ್ಯಾಲ ಉಳೀತು. ಎರಡು ಬೆರಳು ಮತ್ತ ನೆಟ್ಟಗಾಗಲಿಲ್ಲ. ವರ್ಷಗಟ್ಟಲೆ ಎಡಗೈಲೆ ರೊಟ್ಟಿ ಬಡಿಯೂದು ಕಲತ್ಳು.

ಕೈ ಮಾದ ಮ್ಯಾಲ ಅವ್ವ ತಾನ ಕಮ್ಮಾರರ ಕಡೆ ಹೋಗಿ ಕಬ್ಬಿಣದ ಮೂಕಿ ಮಾಡಿಸ್ಕೊಂಡು ಬಂದ್ಳು. ಹಿಂದ ಎರಡು ಕಡೆ ಬಂಡಿಗೆ ಬೋಲ್ಟ್, ಮುಂದ ಒಂದು ತೂತು, ಅದರಾಗ ಪಿನ್ನು. ಪಿನ್ನು ಹಾರದಂಗ ಒಂದು ಕೀಲು, ಅದರ ಮ್ಯಾಲ ಒಂದು ಸರಪಳಿ. ಕಟ್ಟಿಗಿ ಗಾಲಿ ತಗದು ಟೈರಿನ ಗಾಲಿ ಹಾಕಿಸಿದ್ಳು, ಯಾಕಂದ್ರ ಎತ್ತಿನ ನಡಿಗಿಗೆ ಮಾಡಿದ ಗಾಲಿ ಟ್ರ್ಯಾಕ್ಟರ್ ಓಟಕ್ಕ ತಾಳಂಗಿಲ್ಲ. ಹೊರಡೂ ಮುಂಚೆ ಗಾಲಿ ಒಂದೊಂದ ತಿರುಗಿಸಿ ನೋಡೂದು, ಹತ್ತು ಮೈಲಿ ಹ್ವಾದ ಮ್ಯಾಲ ಇಳಿದು ಗುಂಭ ಮುಟ್ಟಿ ಬಿಸಿ ಆಗೈತೇನಂತ ನೋಡೂದು ಆಕಿನ ಸುರು ಮಾಡಿದ್ಳು.

ಇದನ್ನೆಲ್ಲಾ ತಂಗಿ ಮಗಳಿಗೆ ಹೇಳಿದೆ. ಆಕಿ ಓದಿ ತಿಳಕೊಂಡಿದ್ದನ್ನ ನನಗ ಹೇಳಿದ್ಳು. ಎರಡೂ ಕೂಡಿಸಿದ್ರ ಒಂದ ಲೆಕ್ಕ.

ಮೊದಲನೇದು, ಗಾಲಿ ಬಿಡುವಾಗಿ ತಿರುಗಬೇಕು. ಎಲ್ಲಾ ಕಾರನ್ನೂ ನಾಕು ಗಾಲಿ ನೆಲದ ಮ್ಯಾಲ ಇಟ್ಟು ಎಳಿಯಾಕ ಬರಂಗಿಲ್ಲ. ಭಾಳ ಆಟೋಮ್ಯಾಟಿಕ್ ಕಾರಿನಾಗ ಗೇರ್ ಡಬ್ಬಿಗೆ ಎಣ್ಣಿ ಹೋಗಬೇಕಂದ್ರ ಇಂಜಿನ್ ನಡೀತಿರಬೇಕು. ಇಂಜಿನ್ ಬಂದಾಗಿ ಗಾಲಿ ಮಾತ್ರ ತಿರುಗಿದ್ರ ಒಳಗ ಒಣಗಿ ಸುಡತೈತಿ, ಕೀಲೆಣ್ಣಿ ಹಚ್ಚದ ಬಂಡಿ ಅಚ್ಚಿನಂಗ. ಅಂಥಾ ಕಾರಿನ ಮುಂದಿನ ಗಾಲಿ ಎರಡು ಸಣ್ಣ ಟ್ರಾಲಿ ಮ್ಯಾಲ ಏರಿಸಿ ಎಳೀತಾರ. ಅದೂ ಎಂಜಿನ್ ಮುಂದಿನ ಗಾಲಿ ತಿರುಗಿಸೋ ಕಾರಾದ್ರ ಮಾತ್ರ. ಕಾರಿನ ಜೋಡಿ ಕೊಟ್ಟ ಪುಸ್ತಕದಾಗ ಎಳಿಬಹುದಂತ ಬರದಿದ್ರನ ಎಳಿಬೇಕು.

ಎರಡನೇದು, ಹಗುರಿರಬೇಕು, ಆದ್ರ ಬಿಚ್ಚಿದ ಮ್ಯಾಲ ಕೆಲಸಕ್ಕ ಬರಬೇಕು. ಹಿಂಗಾಗಿ ಅಲ್ಲಿ ಮಂದಿ ಸುಜುಕಿ ಸಮುರಾಯ್ ಅನ್ನೋ ಸಣ್ಣ ಜೀಪು ಭಾಳ ಕಟ್ತಿದ್ರಂತ. ನಮ್ಮಲ್ಲಿ 1985ರಾಗ ಬಂದ ಮಾರುತಿ ಜಿಪ್ಸಿ ಅದರ ಮನಿತನದ್ದ. ಅಂಥಾ ಜೀಪಿನಾಗ ಇನ್ನೊಂದು ಸಣ್ಣ ಗೇರ್ ದಂಡ ಇರತೈತಿ. ಅದನ್ನ ನಡುವ ನಿಲ್ಲಿಸಿದ್ರ ಗಾಲಿಗೂ ಇಂಜಿನ್ನಿಗೂ ಸಂಬಂಧ ಬಿಡತೈತಿ.

ಮೂರನೇದು ಅವ್ವನ ಮಾತು. ಕಬ್ಬಿಣದ ದಂಡದ್ಲೆ ಕಟ್ಟಬೇಕು, ಸರಪಳಿ ಜೋಡಿ ಇರಬೇಕು. ಹಿಂದಿನ ಗಾಡಿಗೆ ತನ್ನದ ಬ್ರೇಕ್ ಹಿಡಿಯೂ ವ್ಯವಸ್ಥಾ ಬೇಕು. ಅಮೆರಿಕಾದ ಭಾಳ ರಾಜ್ಯದಾಗ ತೂಕ ಹೆಚ್ಚಿದ್ರ ಅದು ಕಾನೂನು. ನಮ್ಮಲ್ಲಿ ಟ್ರಾಲಿಯಾಗ ಮಂದಿ ಕುಂದ್ರಿಸೂದನ್ನ ಕಾನೂನು ಒಪ್ಪಂಗಿಲ್ಲ. ಆದ್ರ ಹುಲಿಗಿ ಹುಣ್ಣಿವಿಗೆ ಹೋಗೂ ದಾರಿಯಾಗ ನಿಂತು ನೋಡ್ರಿ, ಇನ್ನೂ ಕುಂತ ಹೊಂಟಾರ. ಹಿಂದಿನ ಹಲಗಿಗೆ ಆತಕೊಂಡು ಕುಂತೋರು ಹೆಣ್ಮಕ್ಕಳು, ಹುಡುಗ್ರು.

ತಂಗಿ ಮಗಳು ಕಡೀಕ ಹಳೀ ಜೀಪಿಗೆ ಗಂಡನ್ನ ಒಪ್ಪಿಸ್ಯಾಳ. ಅವ್ವಗ ಹೇಳಿದೆ. ಈಗ ಆಕಿಗೆ ಎಂಬತ್ತು ದಾಟೈತಿ, ಕಿವಿ ಮಂದ. ಎರಡು ಸಲ ಹೇಳಿಸ್ಕೊಂಡು, ಡೊಂಕು ಬೆರಳಿನ ಕೈ ಎತ್ತಿ ಕೇಳಿದ್ಳು: "ಪಿನ್ನಿಗೆ ಕೀಲು ಹಾಕ್ಯಾರೇನು ಕೇಳು." ನಾ ಆಕಿ ಮುಂದನ ಫೋನ್ ಹಚ್ಚಿದೆ.